ಏರ್‌ಪೋರ್ಟ್ ರೋಡಿನಲ್ಲಿ ಅತ್ತೆಯ ಪಕ್ಕ

ನವೆಂಬರ್ ೧೪, ಗುರುವಾರ. ಶಿರಾ

ಅತ್ತೆ ಕೊನೆಗೂ ನನ್ನ ಹತ್ತಿರ ಮಾಫಿ ಕೇಳಲಿಲ್ಲ.

ಮಕ್ಕಾಕ್ಕೆ ಹೊರಟವರು ಎಲ್ಲರ ಕ್ಷಮೆ ಕೇಳಿಯೇ ಹೋಗಬೇಕು. ಅತ್ತೆ ವಾರದಿಂದ ಬೀದಿಯವರನ್ನೆಲ್ಲ ಕೇಳಿದರು, ಹಾಲಿನವನನ್ನೂ ಬಿಡಲಿಲ್ಲ. ನನ್ನನ್ನು ದಾರಿಯಲ್ಲಿ ಕೇಳಬಹುದು ಎಂದುಕೊಂಡಿದ್ದೆ.

ಹೆಬ್ಬಾಳ ದಾಟಿದ ಮೇಲೆ ಏರ್‌ಪೋರ್ಟ್ ರೋಡಿನಲ್ಲಿ ಗಾಡಿಗಳು ನಿಂತೇಬಿಟ್ಟವು. ಅಷ್ಟು ಅಗಲದ ರಸ್ತೆಯಲ್ಲಿ ಒಂದು ಚಕ್ರವೂ ಉರುಳುತ್ತಿರಲಿಲ್ಲ. ತಲೆಯ ಮೇಲೆ ವಿಮಾನಗಳು ಹೋಗುತ್ತಲೇ ಇದ್ದವು. ಅತ್ತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

"ತಡ ಆಗ್ಬುಡ್ತದೇನಮ್ಮಾ ಫರೀಹಾ?"

ತಡ ಎಂದರೇನೆಂದು ನನಗೆ ಗೊತ್ತು. ನನ್ನ ಅಬ್ಬಾ ತೀರಿಕೊಂಡ ಸುದ್ದಿ ತವರಿನಿಂದ ಬಂದಾಗ "ನೆಂಟರಿಗೆ ಬಡಿಸ್ಬುಟ್ಟು ಹೋಗು" ಎಂದು ನಿಲ್ಲಿಸಿಕೊಂಡವರು ಇವರೇ. ನಾನು ಪಾವಗಡ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದರು. ಮುಖ ನೋಡಲಿಲ್ಲ.

ಆಗಲಿ ತಡ, ಎಂದಿತು ಮನಸ್ಸು. ಬಾಯಲ್ಲಿ "ಆಗಲ್ಲ ಬುಡಿ ಅಮ್ಮಿ" ಎಂದೆ.

ಹೇಗೋ ತಲುಪಿದೆವು. ಗೇಟಿನ ಹತ್ತಿರ ಡ್ರೈವರ್ ರಂಗಧಾಮನಿಗೆ, "ಏನಾರ ಅಂದಿದ್ರೆ ಮಾಫ್ ಮಾಡ್ಬುಡಪ್ಪಾ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ಅವರ ಬ್ಯಾಗು ಕೆಳಗಿಟ್ಟೆ.

"ಹಾಲಿನ ಪಾಕೀಟು ಕಟ್ಟೆ ಮೇಲೇ ಬುಟ್ಬಂದಿವಿ. ಹೋದೇಟ್ಗೆ ಕಾಸ್ಬುಡು, ಕೆಟ್ಟೋಯ್ತದೆ."

ಮನೆಗೆ ಬಂದು ಬಹಳ ಹೊತ್ತಾಯಿತು. ಹಾಲು ಕಾಸಿಲ್ಲ. ಕೆಡಲಿ.