ಸಾಕ್ಷಿ ತುಂಡು

ಚಂಪಾಪೇಟೆ, ಹೈದರಾಬಾದ್
22 ಆಗಸ್ಟ್ 2010, ರವಿವಾರ

ಶ್ರೀ ಗುರುಸಿದ್ದಪ್ಪನವರಿಗೆ ಶಿವದೇವಿಯ ನಮಸ್ಕಾರ.

ಇಷ್ಟು ವರ್ಷ ನಿಮ್ಮನ್ನು ‘ಅಣ್ಣಾ’ ಅಂತಲೇ ಕರೆದವಳು ನಾನು. ಇವತ್ತು ಆ ಮಾತು ಬರೆಯಲು ಕೈ ಬರಲಿಲ್ಲ. ಎರಡು ಹಾಳೆ ಹರಿದು ಹಾಕಿದ ಮೇಲೆ ಹೆಸರನ್ನೇ ಬರೆದೆ.

ನಿಮ್ಮ ಕಾಗದ ಮಂಗಳವಾರ ಬಂತು. ಹೊಸ ವಿಮಾನ ತಯಾರಾಗಿದೆ, ಅದರ ಮೂಗಿನ ಮೇಲೆ ಕೆಂಪು ಬಣ್ಣದಲ್ಲಿ ‘ವೈಜನಾಥ’ ಎಂದು ನಮ್ಮವರ ಹೆಸರು ಬರೆಸುತ್ತೀರಿ, ನಾನು ಬಂದು ತೆಂಗಿನಕಾಯಿ ಒಡೆಯಬೇಕು ಎಂದಿದ್ದೀರಿ. ಗಂಡ ಸತ್ತವಳು ಎಂಬ ಸಂಕೋಚ ಬೇಡ, ನಾವು ಹಳೇ ಕಾಲದವರಲ್ಲ ಎಂದೂ ಬರೆದಿದ್ದೀರಿ. ನನಗೆ ಆ ಸಂಕೋಚ ಇಲ್ಲ. ಮೊದಲಿನ ವಿಮಾನ ಬಿದ್ದಾಗ ವಿಚಾರಣೆಯವರಿಗೆ ನೀವು ಕೊಟ್ಟ ಹೇಳಿಕೆಯ ನಕಲು ನನ್ನ ಟ್ರಂಕಿನಲ್ಲಿದೆ. ‘ಪೆಟ್ರೋಲ್ ಟ್ಯಾಂಕನ್ನು ಕಟ್ಟಿದ್ದು ವೈಜನಾಥ. ಹಾರ್ಡನರ್ ಅಳತೆಯಲ್ಲಿ ಅವರ ಕೈ ತಪ್ಪಿರಬೇಕು. ಟ್ಯಾಂಕಿನ ಒಳಮೈ ಕರಗಿ, ಅಂಟು ಬಂದು ಎಂಜಿನ್ ನಿಂತಿತು.’ ಮೂರೇ ವಾಕ್ಯ. ಅವರ ತಪ್ಪು ಫೈಲಿನಲ್ಲಿ ಇರಲಿ, ಅವರ ಹೆಸರು ವಿಮಾನದ ಮೂಗಿನ ಮೇಲೆ ಇರಲಿ. ಇದೇ ಅಲ್ಲವೇ ನಿಮ್ಮ ಮರ್ಯಾದೆ?

ನಾನು ಏಳನೇ ಇಯತ್ತೆ ಓದಿದವಳು. ನಿಮ್ಮ ಹಾಗೆ ಇಂಗ್ಲಿಷಿನಲ್ಲಿ ಬರೆಯಲು ಬಾರದು. ಆದರೆ ಇಪ್ಪತ್ತೆಂಟು ವರ್ಷದಿಂದ ದಿನಾ ಎರಡು ಸಾಲು ಡೈರಿ ಬರೆಯುತ್ತಾ ಬಂದಿದ್ದೇನೆ. ಹೊಸ ವರ್ಷಕ್ಕೆ ಕಾರ್ಖಾನೆಯಲ್ಲಿ ಕೊಡುತ್ತಿದ್ದ ಡೈರಿಯನ್ನು ಅವರು ನನಗೇ ತಂದು ಕೊಡುತ್ತಿದ್ದರು. ನೀವು ಹೇಳಿಕೆಯಲ್ಲಿ ಬಿಟ್ಟದ್ದೆಲ್ಲ ನನ್ನ ಡೈರಿಗಳಲ್ಲಿದೆ. ಅದನ್ನೇ ಬರೆಯುತ್ತೇನೆ.

ಕಾರ್ಖಾನೆಯಲ್ಲಿ ನೀವು ಅವರ ಅಧಿಕಾರಿ, ಅವರು ಫೈಬರ್‌ಗ್ಲಾಸ್ ವಿಭಾಗದ ಕೆಲಸಗಾರ. ಇಬ್ಬರೂ ನಿವೃತ್ತರಾದ ಮೇಲೆ, ಇಬ್ಬರು ಕೂರುವ ಸಣ್ಣ ವಿಮಾನವನ್ನು ನಾವೇ ಕಟ್ಟೋಣ ಎಂದು ನೀವು ಮನೆಗೆ ಬಂದಿರಿ. ಊರಾಚೆ ಬಯಲಿನಲ್ಲಿ ತಗಡಿನ ಷೆಡ್ ಹಾಕಿದಿರಿ. “ಇಲ್ಲಿ ಸಾಹೇಬ ಗೀಹೇಬ ಅನ್ನಬ್ಯಾಡ್ರಿ ವೈಜನಾಥ, ಇಲ್ಲಿ ನಾವಿಬ್ರೂ ಕೂಲಿ ಆಳು” ಎಂದು ನಕ್ಕಿರಿ. ಅವರೂ ನಕ್ಕರು. ಆದರೆ ಒಂದು ದಿನವೂ ಸಾಹೇಬ ಅನ್ನುವುದನ್ನು ಬಿಡಲಿಲ್ಲ. ನೀವೂ ಬಿಡಿಸಲಿಲ್ಲ.

ಟ್ಯಾಂಕು ಕಟ್ಟಿದ ವಾರ ಅವರು ಮನೆಗೆ ಬಂದರೆ ಅಂಗಿಯಿಂದ ರಾಳದ ವಾಸನೆ ಹೊಡೆಯುತ್ತಿತ್ತು. ಗಾಜಿನ ನೂಲಿನ ಬಟ್ಟೆ ಹಾಸುವುದು, ಗಟ್ಟಿಯಾಗಲೆಂದು ಹಾರ್ಡನರ್ ಬೆರೆಸಿದ ರಾಳ ಸವರುವುದು, ಗುಳ್ಳೆ ಒತ್ತಿ ತೆಗೆಯುವುದು. ಅಷ್ಟಾದ ಮೇಲೆ ನಿಮ್ಮ ಕಾರ್ಖಾನೆಯ ಪದ್ಧತಿ ಒಂದಿತ್ತಲ್ಲ, ಅದೇ ಬಟ್ಟಲಿನ ರಾಳದಲ್ಲಿ, ಅದೇ ದಿನ, ಅಂಗೈಯಷ್ಟು ಒಂದು ತುಂಡು ಬೇರೆ ಮಾಡಿ ಚೀಟಿ ಅಂಟಿಸಿ ಇಡುವುದು. ಮುಂದೆ ಏನಾದರೂ ಕೆಟ್ಟರೆ ಆ ತುಂಡನ್ನು ಕೇಳಬೇಕು. ಸಾಕ್ಷಿ ತುಂಡು ಅನ್ನುತ್ತಿದ್ದರು. ನಮ್ಮ ಟ್ಯಾಂಕಿಗೂ ಅವರು ಮಾಡಿದರು. ಷೆಡ್ಡಿನಲ್ಲಿ ಇಲಿ ಓಡಾಡುತ್ತವೆಂದು ಮನೆಗೆ ತಂದು ದೇವರ ಮಾಡದ ಕೆಳಗಿನ ಹಲಗೆಯಲ್ಲಿಟ್ಟರು. “ಬಾರಿಸಿ ನೋಡು, ಕಂಚಿನ ತಾಟಿನ ಹಂಗ ದನಿ ಕೊಡತೈತಿ” ಅಂದರು. ನಿಜವಾಗಿಯೂ ಕೊಟ್ಟಿತು.

ಆಗಲೇ ಅವರು ಒಂದು ಮಾತು ಹೇಳಿದ್ದರು, ಡೈರಿಯಲ್ಲಿದೆ. ಈ ರಾಳ ಬರೀ ಪೆಟ್ರೋಲನ್ನು ತಡೆಯುತ್ತದೆ. ಬಂಕಿನವರು ಈಗೀಗ ಕಬ್ಬಿನ ಸ್ಪಿರಿಟ್ ಬೆರೆಸುತ್ತಿದ್ದಾರೆ, ಅದನ್ನು ತಡೆಯುವುದಿಲ್ಲ, ಮೆತ್ತಗಾಗಿ ಕರಗುತ್ತದೆ. ಅದಕ್ಕೇ ಫ್ಲೈಯಿಂಗ್ ಕ್ಲಬ್ಬಿನ ಡ್ರಮ್ಮಿನದು ಬಿಟ್ಟು ಬೇರೆ ಹಾಕಬಾರದು. ಟ್ಯಾಂಕಿನ ಮುಚ್ಚಳದ ಹತ್ತಿರ ಕನ್ನಡ, ತೆಲುಗು ಎರಡರಲ್ಲೂ ಅವರೇ ಬರೆದಿದ್ದರು. ನೀವು ದಿನಾ ಓದಿದ್ದೀರಿ.

ಹೋದ ವರ್ಷ ನವೆಂಬರ್ ಕೊನೆಗೆ ಕ್ಲಬ್ಬಿನ ಡ್ರಮ್ಮು ಬರಲಿಲ್ಲ. ನಿಮಗೆ ಎಂಜಿನ್ ಓಡಿಸಿ ನೋಡುವ ಅವಸರ. ಅವರಿಲ್ಲದಾಗ ಬಂಕಿನಿಂದ ಕ್ಯಾನಿನಲ್ಲಿ ತಂದು ತುಂಬಿಸಿದಿರಿ. ಆಮೇಲೆ ತೆಲಂಗಾಣದ ಗಲಾಟೆ, ಬಂದ್ ಮೇಲೆ ಬಂದ್, ಬಸ್ಸಿಲ್ಲ, ಷೆಡ್ಡಿಗೆ ಯಾರೂ ಹೋಗಲಿಲ್ಲ. ಒಂದೂವರೆ ತಿಂಗಳು ಆ ಪೆಟ್ರೋಲ್ ಟ್ಯಾಂಕಿನಲ್ಲಿ ಕೂತಿತ್ತು.

ಜನವರಿ ಹತ್ತನೇ ತಾರೀಖು, ರವಿವಾರ. ಮೊದಲ ಹಾರಾಟ ನೋಡಲು ನೀವು ಹಳೆಯ ಗೆಳೆಯರನ್ನೆಲ್ಲ ಕರೆಸಿದ್ದಿರಿ. ಅಲ್ಲಿ ಏನಾಯಿತು ಎಂದು ಪ್ರಾಣೇಶ ನನಗೆ ಹೇಳಿದ್ದಾನೆ. ಎಂಜಿನ್ ನೋಡಿಕೊಳ್ಳುತ್ತಿದ್ದವನು ಅವನೇ ತಾನೆ. ಅವನ ಮೇಲೆ ಸಿಟ್ಟಾಗಬೇಡಿ, ನಾನೇ ಮೂರು ಸಲ ಕರೆಸಿ ಕೇಳಿದೆ. ನಮ್ಮವರು ನಿಮ್ಮ ಹತ್ತಿರ ಬಂದು, ಸಾಹೇಬ್ರ, ಟ್ಯಾಂಕು ಖಾಲಿ ಮಾಡಿ ಒಳಗೆ ಕೈ ಹಾಕಿ ನೋಡುತ್ತೇನೆ, ಒಂದು ತಾಸು ಕೊಡಿ ಅಂದರಂತೆ. ನೀವು ಎಲ್ಲರ ಎದುರಿಗೆ ಏನಂದಿರಿ? “ಏನ್ರೀ ವೈಜನಾಥ, ನಿಮ್ಮ ಕೈಕೆಲಸದ ಮ್ಯಾಲೆ ನಿಮಗೇ ನಂಬಿಕಿ ಇಲ್ಲೇನು? ಅಂಜಿಕಿ ಬರಾಕತ್ತಿದ್ರ ಮನಿಗೆ ಹೋಗಿ ರೊಟ್ಟಿ ಬಡೀರಿ.” ಬಂದವರೆಲ್ಲ ನಕ್ಕರಂತೆ. ನಮ್ಮವರು ಚಪ್ಪಲಿ ಬಿಟ್ಟು ನಿಮ್ಮ ಪಕ್ಕದ ಸೀಟಿಗೆ ಹತ್ತಿದರಂತೆ.

ಚಪ್ಪಲಿ ಬಿಟ್ಟು. ಅದನ್ನು ಕೇಳಿದ ದಿನ ನನಗೆ ಎಷ್ಟು ಸಿಟ್ಟು ಬಂತೆಂದರೆ, ಒಲೆಯ ಮೇಲಿದ್ದ ಹಾಲು ಉಕ್ಕಿ ಉಕ್ಕಿ ಸೀದು ಹೋದರೂ ಅಲ್ಲೇ ನಿಂತಿದ್ದೆ. ತಾನು ಮಾಡಿದ ವಸ್ತುವಿಗೆ ಅವರು ಕೊಡುತ್ತಿದ್ದ ಮರ್ಯಾದೆ ಅದು. ಈಚಲ ಮರದ ಎತ್ತರ ಏರಿತಂತೆ, ಎಂಜಿನ್ ನಿಂತಿತಂತೆ, ಅವರಿದ್ದ ಮಗ್ಗುಲೇ ಗದ್ದೆಯ ಬದುವಿಗೆ ಬಡಿಯಿತಂತೆ. ನಿಮಗೆ ಕಾಲು ಮುರಿಯಿತು. ಅದಕ್ಕೆ ನಾನು ಆಗ ಅತ್ತಿದ್ದೆ ಕೂಡ.

ನಿಮ್ಮ ಹೇಳಿಕೆಯ ನಕಲು ಸಿಕ್ಕ ಮೇಲೆ ಬೇಗಂ ಬಜಾರಿಗೆ ಹೋಗಿ ಉಪ್ಪಿನಕಾಯಿ ಹಾಕುವ ಗಾಜಿನ ಬರಣಿ ಎರಡು ತಂದೆ. ಸಾಕ್ಷಿ ತುಂಡನ್ನು ಗರಗಸದಿಂದ ಪ್ರಾಣೇಶ ಎರಡು ಭಾಗ ಮಾಡಿಕೊಟ್ಟ. ಒಂದು ಬರಣಿಗೆ ಕ್ಲಬ್ಬಿನ ಡ್ರಮ್ಮಿನದು, ಇನ್ನೊಂದಕ್ಕೆ ನೀವು ತಂದ ಬಂಕಿನದೇ. ಆ ಬಂಕಿನ ಹುಡುಗಿ, “ಸ್ಪಿರಿಟ್ ಕಲುಪುತಾರಮ್ಮಾ, ಬೋರ್ಡು ಮೀದ ಉಂದಿ ಕದಾ” ಎಂದು, ಸ್ಪಿರಿಟ್ ಬೆರೆಸಿದೆ ಅಂತ ಬರೆದಿದ್ದ ಬೋರ್ಡನ್ನೇ ತೋರಿಸಿದಳು. ಆರೂವರೆ ವಾರ ಮಾಳಿಗೆಯ ಮೇಲೆ ನೆರಳಿನಲ್ಲಿ ಇಟ್ಟೆ. ನನ್ನ ತಂಗಿ ಪ್ರಫುಲ್ಲಾ, “ಅಕ್ಕಾ, ನಿನಗ ತಲಿ ಕೆಟ್ಟೈತಿ, ಮನಿ ಸುಟ್ಟುಕೋತಿ” ಎಂದು ಬೈದಳು. ಬೈಯಲಿ.

ಮೊನ್ನೆ ಶುಕ್ರವಾರ ತೆಗೆದೆ. ಡ್ರಮ್ಮಿನ ಪೆಟ್ರೋಲಿನಲ್ಲಿದ್ದ ತುಂಡನ್ನು ಒರೆಸಿ ಬಾರಿಸಿದೆ. ಕಂಚಿನ ತಾಟಿನ ದನಿ ಹಾಗೇ ಇದೆ. ಬಂಕಿನದರಲ್ಲಿದ್ದ ತುಂಡಿಗೆ ದನಿಯೇ ಇಲ್ಲ. ಉಗುರು ಒತ್ತಿದರೆ ಒಳಗೆ ಹೋಯಿತು. ಬರಣಿಯ ತಳದಲ್ಲಿ ಹಳದಿ ಅಂಟು. ಒಂದೇ ಬಟ್ಟಲಿನ ರಾಳ, ಒಂದೇ ಅಳತೆಯ ಹಾರ್ಡನರ್. ಕೈ ತಪ್ಪಿದ್ದರೆ ಎರಡೂ ಕೆಡಬೇಕಿತ್ತು. ಏಳನೇ ಇಯತ್ತೆಯವಳಿಗೆ ತಿಳಿದದ್ದು ಇಂಜಿನಿಯರ್ ಸಾಹೇಬರಿಗೆ ತಿಳಿಯಲಿಲ್ಲವೇ?

ತಿಳಿದಿತ್ತು. ನಿಮ್ಮ ಕಾಗದದ ಕೊನೆಗೆ ನನಗೆ ಧೈರ್ಯ ಹೇಳಲು ನೀವೇ ಬರೆದಿದ್ದೀರಿ: ‘ಹೆದರಬೇಡಿ, ಈ ಸಲ ಅಲ್ಯೂಮಿನಿಯಂ ಟ್ಯಾಂಕು, ಮತ್ತು ಕ್ಲಬ್ಬಿನ ಡ್ರಮ್ಮಿನದು ಬಿಟ್ಟು ಒಂದು ತೊಟ್ಟೂ ಬೇರೆ ಹಾಕುವುದಿಲ್ಲ.’ ತಪ್ಪು ವೈಜನಾಥರ ಕೈಯದಾಗಿದ್ದರೆ, ಪೆಟ್ರೋಲನ್ನು ಯಾಕೆ ಬದಲಿಸಿದಿರಿ?

ನನಗೆ ನಿಮ್ಮಿಂದ ಬೇರೇನೂ ಬೇಡ. ಕೇಸು ಹಾಕುವುದಿಲ್ಲ. ಮೂವತ್ತೊಂದು ವರ್ಷ ಅವರ ಕೈಯಿಂದ ಹೋದ ಒಂದು ಮಾಲೂ ತಿರುಗಿ ಬರಲಿಲ್ಲ. ಆ ಕೈಯ ಮೇಲೆ ನೀವು ಸುಳ್ಳು ಬರೆದಿದ್ದೀರಿ. ಅದನ್ನು ತಿದ್ದಿ ಬರೆದು ಕೊಡಿ: ಬಂಕಿನ ಪೆಟ್ರೋಲ್ ತುಂಬಿಸಿದ್ದು ನಾನು, ಖಾಲಿ ಮಾಡುತ್ತೇನೆ ಎಂದವರನ್ನು ತಡೆದದ್ದು ನಾನು ಎಂದು. ಅಲ್ಲಿಯವರೆಗೆ ಅವರ ಹೆಸರನ್ನು ವಿಮಾನಕ್ಕೆ ಬರೆಸಬೇಡಿ. ಬರೆಸಿದ್ದರೆ ಅಳಿಸಿ. ಅಳಿಸದಿದ್ದರೆ ನಾನೇ ಬಂದು ಕೆರೆದು ಹಾಕುತ್ತೇನೆ, ತೆಂಗಿನಕಾಯಿ ಒಡೆಯುವ ದಿನವೇ, ನಿಮ್ಮ ಗೆಳೆಯರೆಲ್ಲ ನಗುತ್ತಾ ನಿಂತಿರುವಾಗ.

ಎರಡು ತುಂಡುಗಳನ್ನೂ ಡಬ್ಬಿಯಲ್ಲಿ ಹಾಕಿ ಪ್ರಾಣೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಾರಿಸಿ ನೋಡಿ.

ಇಂತಿ,
ವೈಜನಾಥರ ಹೆಂಡತಿ
ಶಿವದೇವಿ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ಡೈರಿಯಲ್ಲಿರುವುದೆಲ್ಲ ಬರೆಯುತ್ತೇನೆ ಅಂದಿದ್ದೆ, ಒಂದು ದಿನದ್ದು ಬಿಟ್ಟಿದ್ದೇನೆ. ಜನವರಿ ಒಂಬತ್ತು, ಶನಿವಾರ. ಪ್ರಫುಲ್ಲಾಳ ಬಸುರಿ ಮಗಳ ಕುಬಸ ನಮ್ಮ ಮನೆಯಲ್ಲಿತ್ತು. ಷೆಡ್ಡಿಗೆ ಹೋದವರು ಬಂಕಿನ ಕ್ಯಾನು ನೋಡಿ, ಮಧ್ಯಾಹ್ನ ಬರೀ ಊಟಕ್ಕೆ ಬಂದಿದ್ದರು. ತಿರುಗಿ ಹೋಗಿ ಇವತ್ತೇ ಟ್ಯಾಂಕು ಖಾಲಿ ಮಾಡಿ ಬರುತ್ತೇನೆ ಎಂದು ಬಾಗಿಲ ತನಕ ಹೋದರು. ನಾನು ಅಂದೆ, “ಬೀಗರು ಬಂದಾರ, ಮನಿಯಾಗ ಗಂಡಸು ಅಂತ ನೀವೊಬ್ರ. ನಾಳೆ ಹೆಂಗೂ ಹೋಗ್ತೀರಲ್ಲ, ಆಗ ಮಾಡ್ರಿ.” ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಆ ಹಾಳೆಯನ್ನು ಹರಿದು ಇಟ್ಟಿದ್ದೆ. ಇವತ್ತು ಅನ್ನದ ಅಗುಳಿನಿಂದ ತಿರುಗಿ ಡೈರಿಗೆ ಅಂಟಿಸಿದ್ದೇನೆ. ನನ್ನದನ್ನು ನಾನು ಬರೆದೆ. ನಿಮ್ಮದನ್ನು ನೀವು ಬರೆಯಿರಿ.