ಫ್ಯಾನ್ ತಾನೇ ನಿಲ್ಲುತ್ತದೆ, ನಾನಾಯ್

ನಾನಾಯ್, ನನ್ನಮ್ಮಾ,

ನಿನ್ನ ಕೋಣೆಯ ಬಾಗಿಲು ಇನ್ನೂ ಹಾಕಿದೆ. ಎಬ್ಬಿಸುವ ಧೈರ್ಯ ಬರಲಿಲ್ಲ. ಜೀಪ್ನಿ ಹಿಡಿದು ಆಫೀಸಿಗೆ ಹೋಗುತ್ತಿದ್ದೇನೆ. ರಾತ್ರಿ ನೀನು ಮುಟ್ಟದ ಮೀನಿನ ಹುಳಿಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಊಟ ಮಾಡು.

ಮೆಕ್ಯಾನಿಕ್ ಮಾಂಗ್ ಕಾದಿಯೊ ಬಂದು ಕಾರು ನೋಡುತ್ತಾರೆ. ನಿನ್ನೆ ಮಧ್ಯಾಹ್ನ ನೀನು ಕಿತ್ತ ಫ್ಯಾನಿನ ವೈರನ್ನು ಮತ್ತೆ ಸಿಕ್ಕಿಸಿದ್ದೇನೆ. ಅವರು ಇಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ತಿರುಗುತ್ತಿದ್ದರೆ ಗಾಬರಿಯಾಗಬೇಡ, ಮುಟ್ಟಲೂಬೇಡ. ರೇಡಿಯೇಟರಿನ ನೀರು ಕಾದರೆ ಅಲ್ಲಿರುವ ಸ್ವಿಚ್ಚು ತಾನೇ ಫ್ಯಾನ್ ಹಾಕುತ್ತದೆ, ನೀರು ತಣಿದರೆ ತಾನೇ ನಿಲ್ಲಿಸುತ್ತದೆ. ನಮ್ಮ ಕಾರಿನಲ್ಲಿ ಕೀಲಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಕಾರು ತಂದ ದಿನವೇ ನಿನಗೆ ಹೇಳಬಹುದಿತ್ತು.

ನಿನ್ನೆ ಸಂಜೆ ಆಫೀಸಿನವರನ್ನು ಕೂರಿಸಿಕೊಂಡು ಹೋಗುವಾಗ ಅಂತಿಪೋಲೊ ಏರಿನಲ್ಲಿ ಫ್ಯಾನ್ ತಿರುಗದೆ ಇಂಜಿನ್ ಕುದಿದು ನಿಂತಿತು. ಆ ಸಿಟ್ಟನ್ನೆಲ್ಲ ನಿನ್ನ ಮೇಲೆ ತೀರಿಸಿಕೊಂಡೆ. "ಗೊತ್ತಿಲ್ದಿದ್ದಕ್ಕೆಲ್ಲ ಯಾಕೆ ಕೈ ಹಾಕ್ತೀಯ?" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದೆ. ನೀನು ಮೆಲ್ಲಗೆ, "ಕಾದ ಮೈಗೆ ತಣ್ಣನೆ ಗಾಳಿ ಬಡಿದ್ರೆ ಪಾಸ್ಮಾ ಕಾಯಿಲೆ ಹಿಡಿಯಲ್ವೇನೋ ಮಗಾ? ಪಾಪ, ಅದೂ ದಣಿದು ಬಂದಿತ್ತು" ಎಂದೆ. ನಾನು ನಕ್ಕುಬಿಟ್ಟೆ. ಬೈದದ್ದಕ್ಕಿಂತ ಆ ನಗುವೇ ತಪ್ಪಾಯಿತು.

ಬೆಳಿಗ್ಗೆ ನೋಡಿದರೆ ಬಾನೆಟ್ ಮೇಲೆ ಹಳೇ ಟವೆಲ್ ಹೊದಿಸಿದೆ. ನಾನು ಶಾಲೆಯಿಂದ ಬೆವೆತು ಬಂದಾಗ ಅಂಗಿಯೊಳಗೆ ಬೆನ್ನಿಗೆ ತುರುಕುತ್ತಿದ್ದೆಯಲ್ಲ, ಅದೇ. ಅಷ್ಟು ಬೈಸಿಕೊಂಡ ಮೇಲೂ ಎದ್ದು ಬಂದು ಹೊದಿಸಿದ್ದೀಯ.

ಅದನ್ನು ಹುಡುಕಬೇಡ. ನನ್ನ ಬೆನ್ನಿಗಿದೆ.

ಇಸ್ಕೊ