ಅನುಮೋದಿಸುವವರು ಯಾರೂ ಇಲ್ಲವೇ?

ಕಿಲ್ಬರ್ನ್, ಅಡಿಲೇಡ್
೧೭ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಜೆರ್ರಿಗೆ, ಅಕ್ಕ ಲೂರ್ಡ್ಸ್ ಮಾಡುವ ಆಶೀರ್ವಾದಗಳು.

ನಾನು ಕ್ಷೇಮ. ಪರ್ತಿನಲ್ಲಿ ನೀನು, ಕ್ಯಾರೋಲ್, ಮಗಳು ಅಲಿಷಾ ಮೂವರೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಬ್ರಿಸ್ಬೇನಿನ ಸಭೆಯಾದ ಮೇಲೆ ನೀನು ಕಳಿಸಿದ ವಾಯ್ಸ್ ಮೆಸೇಜುಗಳಿಗೆ ಉತ್ತರಿಸುವುದು ತಡವಾಯಿತು, ಕ್ಷಮಿಸು. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದು. ಹೆಚ್ಚೇನೂ ಇರಲಿಲ್ಲ. ನೀನು ಇನ್ನಷ್ಟು ದಿನ ಯೋಚಿಸುತ್ತಿರು ಎಂದು ಸುಮ್ಮನಿದ್ದೆ.

ಇಂಗ್ಲಿಷಿನಲ್ಲಿ ಬರೆದರೆ ಒಂದು ಶಾಖೆ ಇನ್ನೊಂದು ಶಾಖೆಗೆ ಬರೆದ ಹಾಗಾಗುತ್ತದೆ. ಅದಕ್ಕೇ ಕನ್ನಡ. ಮನೆಯಲ್ಲಿ ನಾವು ಕೊಂಕಣಿ ಆಡಿದರೂ ಅಪ್ಪನಿಗೆ ಬಹರೇನಿಗೆ ಬರೆಯುತ್ತಿದ್ದದ್ದು ಕನ್ನಡದಲ್ಲೇ ಅಲ್ಲವೇ? ನಾನು ಹೇಳುತ್ತಿದ್ದೆ, ನೀನು ಬರೆಯುತ್ತಿದ್ದೆ. ನಿನ್ನ ಅಕ್ಷರ ಚೆನ್ನಾಗಿತ್ತು.

ನಿನ್ನ ಮೆಸೇಜುಗಳನ್ನು ಮತ್ತೆ ಕೇಳಿದೆ. ಮೊದಲನೆಯದರಲ್ಲಿ ನಿನಗೆ ಗಾಬರಿ: "ಎಂತ ಆಯ್ತು ಅಕ್ಕ ನಿಂಗೆ? ಆರ್ಥರ್ ಕೂಗಿದ್ದು ಕೇಳಿಸ್ಲಿಲ್ವಾ ಮಾರಾಯ್ತಿ?" ಎರಡನೆಯದರಲ್ಲಿ ಕುಹಕ: "ಕಿವಿ ಮಂದ ಆಗಿದ್ರೆ ಹೇಳು, ಒಳ್ಳೆ ಡಾಕ್ಟ್ರಿಗೆ ತೋರಿಸುವ. ಹೆಡ್‌ಫೋನ್ ಹಾಕ್ಕೊಂಡು ಹಾಕ್ಕೊಂಡು ಹೋಗಿರ್ಬೇಕು." ಕೊನೆಯದು ಚಿಕ್ಕದು: "ಬೇಕಂತ್ಲೇ ಮಾಡಿದ್ಯಾ? ಅಷ್ಟು ಹೇಳು ಸಾಕು."

ಹೌದು. ಬೇಕೆಂದೇ ಮಾಡಿದೆ.

ಕ್ಯಾರೋಲ್ ಕಳೆದ ವಾರ ಫೋನ್ ಮಾಡಿದ್ದಳು. ಅವಳಿಗೆ ನಮ್ಮ ಯೂನಿಯನ್ ಒಂದು ಒಗಟು. "ನೀವು ಎದ್ದು ನಿಲ್ಲದಿದ್ರೆ ಎಂತಾಯ್ತು ಅಕ್ಕ? ಕೊನೆಗೆ ವೋಟು ಇತ್ತಲ್ಲ?" ಎಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ, ಆದರೂ ನನ್ನ ಬಾಯಿಂದ ಒಮ್ಮೆ ಕೇಳು.

ಹೊರಗಿನವರು ನಮ್ಮದು ದೇಶಕ್ಕೆಲ್ಲ ಒಂದೇ ಯೂನಿಯನ್ ಎಂದುಕೊಂಡಿದ್ದಾರೆ. ಬೆಂಕಿ ಆರಿಸುವವರೆಲ್ಲ ಒಂದು ಮನೆಯವರಂತೆ. ನಿಜದಲ್ಲಿ ಇದು ಒಂದು ಮಾಡಿನ ಕೆಳಗೆ ಬೇರೆ ಬೇರೆ ಒಲೆ ಹೂಡಿದ ಮನೆ. ಪ್ರತಿ ರಾಜ್ಯದ ಶಾಖೆಗೂ ಅದರದೇ ಸಮಿತಿ, ಅದರದೇ ಕಾರ್ಯದರ್ಶಿ, ಅದರದೇ ಸರಕಾರದ ಜೊತೆ ಜಗಳ. ಎಲ್ಲ ಶಾಖೆಗಳ ಪ್ರತಿನಿಧಿಗಳು ಸೇರುವ ರಾಷ್ಟ್ರೀಯ ಸಮಿತಿ ಒಂದೇ ನಮ್ಮನ್ನು ಕಟ್ಟಿ ಹಿಡಿದಿರುವುದು. ರಾಷ್ಟ್ರೀಯ ಕಾರ್ಯದರ್ಶಿಯನ್ನು ಆರಿಸುವುದೂ ಅದೇ. ಅಭ್ಯರ್ಥಿಯನ್ನು ಅವನ ಶಾಖೆ ಸೂಚಿಸಿದರೆ ಸಾಲದು, ಬೇರೆ ಶಾಖೆಯ ಒಬ್ಬರು ಸಭೆಯಲ್ಲಿ ಎದ್ದು "ಅನುಮೋದಿಸುತ್ತೇನೆ" ಎನ್ನಬೇಕು. ಹಾಗೆ ಎದ್ದು ಹೇಳುವ ಮಾತು ನಮ್ಮದಲ್ಲ, ಶಾಖೆಯದು. ಶಾಖೆ ತೀರ್ಮಾನಿಸಿ ಕಳಿಸಿದ್ದನ್ನು ಪ್ರತಿನಿಧಿ ಮೀರುವಂತಿಲ್ಲ. ಮತದ ಚೀಟಿ ಮಾತ್ರ ಗುಪ್ತ, ನಮ್ಮ ಸ್ವಂತದ್ದು.

ಪೂರ್ವದ ಶಾಖೆಗಳೆಲ್ಲ ನಿನ್ನ ಎದುರು ನಿಂತ ಹೋಬಾರ್ಟಿನವಳಿಗೆ ಅನುಮೋದನೆಯ ಮಾತು ಕೊಟ್ಟಾಗಿತ್ತು. ಆದರೆ ಚೀಟಿಯಲ್ಲಿ ಕ್ವೀನ್ಸ್‌ಲ್ಯಾಂಡಿನ ಕಾಲಿನ್ ನಿನ್ನ ಕಡೆ, ಅವನ ಹಿಂದೆ ಇನ್ನೂ ಕೆಲವರು. ಇದು ಕಾಫಿ ತರುವವರಿಗೂ ಗೊತ್ತಿತ್ತು. ನಿನ್ನ ಹೆಸರು ನಿಂತರೆ ನೀನು ಗೆದ್ದ ಹಾಗೆ. ಅದು ನಿಲ್ಲಬೇಕಾದರೆ ನನ್ನೊಬ್ಬಳ ಬಾಯಿ ಬೇಕಿತ್ತು, ಯಾಕೆಂದರೆ ನಮ್ಮ ಅಡಿಲೇಡಿನ ಶಾಖೆಯ ಸಮಿತಿ ಮಾತ್ರ ಯಾವ ತೀರ್ಮಾನವನ್ನೂ ಮಾಡದೆ ನಿರ್ಧಾರವನ್ನು ನನಗೇ ಬಿಟ್ಟಿತ್ತು. "ನಿನ್ನ ತಮ್ಮನ ವಿಷಯ, ನೀನೇ ನೋಡ್ಕೊ" ಎಂದರು. ನೋಡಿಕೊಂಡೆ.

"ಸೆಕೆಂಡ್ ಮಾಡ್ತೀಯಲ್ಲ ಅಕ್ಕ?" ಎಂದು ನೀನು ಕೇಳಿದ್ದೆ. "ಮಾಡ್ತೇನೆ" ಎಂದಿದ್ದೆ. ಮಾಡಲಿಲ್ಲ. ನಾನು ಮುರಿದದ್ದು ಮಾತು ಮಾತ್ರ, ಯಾವ ನಿಯಮವನ್ನೂ ಅಲ್ಲ.

ಆರ್ಥರ್ ಅಧ್ಯಕ್ಷರ ಕುರ್ಚಿಯಲ್ಲಿ ಹೇಗೆ ಕೂರುತ್ತಾರೆ ಎಂದು ಕ್ಯಾರೋಲಳಿಗೆ ವರ್ಣಿಸಿದೆ, ನಕ್ಕಳು. ಬೇರೆಯವರು ಮರದ ಸುತ್ತಿಗೆ ಬಡಿಯುತ್ತಾರೆ, ಇವರು ಹಳೆಯ ಹಿತ್ತಾಳೆಯ ಹೋಸ್ ನಳಿಕೆಯಿಂದ ಮೇಜು ಕುಟ್ಟುತ್ತಾರೆ. ಮೂರು ಸಲ ಕೇಳುವುದು ಅವರ ಪದ್ಧತಿ. ಮೊದಲ ಸಲ ಕೇಳಿದಾಗ ನೀನು ನನ್ನತ್ತ ನೋಡಲೂ ಇಲ್ಲ, ಅಷ್ಟು ಖಾತ್ರಿ ನಿನಗೆ. ನೀನು ಭಾಷಣದ ಹಾಳೆ ಸರಿಪಡಿಸುತ್ತಿದ್ದೆ. ಎರಡನೆಯ ಸಲ ತಲೆ ಎತ್ತಿದೆ. ನಾನು ನೀರು ಕುಡಿಯುತ್ತಿದ್ದೆ. ಮೂರನೆಯ ಸಲ ಆರ್ಥರ್ ದನಿ ಎತ್ತಿದರು: "ಅನುಮೋದಿಸುವವರು ಯಾರೂ ಇಲ್ಲವೇ?" ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಿನ್ನ ಕುತ್ತಿಗೆ ಕೆಂಪಾಗುತ್ತಾ ಕಿವಿಯವರೆಗೆ ಏರಿತು, ಚಿಕ್ಕಂದಿನಲ್ಲಿ ಸುಳ್ಳು ಸಿಕ್ಕಿಬಿದ್ದಾಗ ಏರುತ್ತಿದ್ದ ಹಾಗೆ. ನಾನು ಲೋಟವನ್ನು ಸದ್ದಾಗದಂತೆ ಕೆಳಗಿಟ್ಟೆ. ನಳಿಕೆ ಮೇಜಿಗೆ ಬಿತ್ತು. ನಿನ್ನ ಹೆಸರೂ ಬಿತ್ತು. ಹೋಬಾರ್ಟಿನವಳು ಅವಿರೋಧವಾಗಿ ಗೆದ್ದಳು.

ಆ ಕ್ಷಣ ನನಗೆ ಹಿತವಾಗಿತ್ತು, ಜೆರ್ರಿ. ಪಾಪಪ್ರಜ್ಞೆ ಬರಬಹುದೆಂದು ಕಾದೆ. ವಿಮಾನದಲ್ಲಿ ಕಾದೆ, ಮನೆಗೆ ಬಂದು ಬಟ್ಟೆ ಒಗೆಯುವಾಗ ಕಾದೆ. ಬರಲಿಲ್ಲ. ಫಾದರ್ ಹತ್ತಿರ ಹೇಳಲು ಹೋದರೂ ಪಶ್ಚಾತ್ತಾಪವಿಲ್ಲದ ಪಾಪವನ್ನು ಏನೆಂದು ಹೇಳುವುದು ಎಂದು ಬೆಂಚಿನಿಂದಲೇ ಎದ್ದು ಬಂದೆ.

ಯಾಕೆ ಎಂದು ನೀನು ಕೇಳಿಲ್ಲ. ಕೇಳದಿರುವುದೇ ನಿನಗೆ ಗೊತ್ತಿದೆ ಎನ್ನುವುದಕ್ಕೆ ಸಾಕ್ಷಿ. ಆದರೂ ಹೇಳುತ್ತೇನೆ.

ಮೂರು ವರ್ಷದ ಹಿಂದೆ ರಾಷ್ಟ್ರೀಯ ಸಮಿತಿ ಇಲ್ಲಿ ಅಡಿಲೇಡಿನಲ್ಲಿ ಸೇರಿತ್ತು. ನಾನು ಒಂದು ನಿರ್ಣಯ ಮಂಡಿಸಿದೆ. ಬೆಂಕಿಯ ಎದುರು ನಿಂತವರ ಮನಸ್ಸಿಗಾದ ಗಾಯಕ್ಕೆ ಯೂನಿಯನ್ ಯಾವ ರಕ್ಷಣೆ ಕೇಳುತ್ತದೋ, ಕಂಟ್ರೋಲ್ ರೂಮಿನಲ್ಲಿ ತುರ್ತು ಕರೆ ತೆಗೆದುಕೊಳ್ಳುವ ನಮ್ಮಂಥವರಿಗೂ ಅದನ್ನೇ ಕೇಳಬೇಕು. ಅಷ್ಟೇ. ಉದಾಹರಣೆಗೆ ಆಪರೇಟರ್ ಒಬ್ಬಳ ಕಥೆ ಹೇಳಿದೆ, ಹೆಸರು ಹೇಳಲಿಲ್ಲ. ಉರಿಯುವ ಮನೆಯ ಹಿಂದಿನ ಕೋಣೆಯಿಂದ ಒಬ್ಬ ಮುದುಕಿ ಕರೆ ಮಾಡಿದ್ದಳು. ಬಾಗಿಲು ಬಿಸಿಯಾಗಿತ್ತು, ಕಿಟಕಿಗೆ ಸರಳು. "ನೆಲದ ಮೇಲೆ ಮಲಗಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಗಾಡಿ ಹೊರಟಿದೆ" ಎಂದು ಆಪರೇಟರ್ ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಹೇಳಿದಳು. ಮುದುಕಿ ಆಗಾಗ "ಇದ್ದೀಯಾ ಮಗಳೇ?" ಎನ್ನುತ್ತಿದ್ದಳು, ಇವಳು "ಇದ್ದೇನೆ" ಎನ್ನುತ್ತಿದ್ದಳು. ಆಮೇಲೆ ಮುದುಕಿ ಕೇಳುವುದನ್ನು ನಿಲ್ಲಿಸಿದಳು. ಇವಳು ಮಾತ್ರ ಇದ್ದೇನೆ, ಇದ್ದೇನೆ ಎನ್ನುತ್ತಲೇ ಇದ್ದಳು. ಅದಾದ ಮೇಲೆ ಆಕೆಗೆ ಫೋನಿನ ಗಂಟೆ ಕೇಳಿದರೆ ಕೈ ಮರಗಟ್ಟುತ್ತದೆ. ಪರಿಹಾರದ ಅರ್ಜಿಗೆ ಬಂದ ಉತ್ತರ: ನೀವು ಘಟನೆಯ ಸ್ಥಳದಲ್ಲಿ ಇರಲಿಲ್ಲ.

ಇದನ್ನು ಹೇಳಿ ನಾನು ಕುಳಿತೆ. ಅನುಮೋದಿಸಬೇಕಾದವನು ನೀನು. ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಇದೇ ಮನೆಯ ಅಡುಗೆಕೋಣೆಯಲ್ಲಿ ಒಪ್ಪಿದ್ದೆ. ಆರ್ಥರ್ ಮೂರು ಸಲ ಕೇಳಿದರು. ನೀನು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ಕುಳಿತೆ. ನಿರ್ಣಯ ಬಿತ್ತು. ಚರ್ಚೆಯಾಗಿ ಸೋತಿದ್ದರೆ ಸೋಲು ಎನ್ನಬಹುದಿತ್ತು. ಅನುಮೋದಕರಿಲ್ಲದ ನಿರ್ಣಯವನ್ನು ಯಾರೂ ಮಂಡಿಸಲೇ ಇಲ್ಲ ಎಂದು ಲೆಕ್ಕ.

ಹೊರಗೆ ಕಾರ್ ಪಾರ್ಕಿನಲ್ಲಿ ನಿನ್ನನ್ನು ಹಿಡಿದು ಕೇಳಿದೆ. "ಪಾಲಿಟಿಕ್ಸ್ ಅಕ್ಕ," ಎಂದೆ ನೀನು. "ಸಂಬಳದ ಒಪ್ಪಂದ ಮುಗೀಲಿ. ಈಗ್ಲೇ ಫೋನ್ ಎತ್ತೋರ ವಿಷಯ ತಂದ್ರೆ ಕಾಲಿನ್ ಕೈ ಬಿಡ್ತಾನೆ. ನಾನು ಮೇಲೆ ಬಂದ್ಮೇಲೆ ನಿನ್ನ ಕೆಲ್ಸ ಫಸ್ಟ್ ಮಾಡ್ಕೊಡ್ತೀನಿ." ನಿನ್ನ ಕೆಲಸ ಎಂದೆ, ನಾನೇನೋ ನಿನ್ನ ಹತ್ತಿರ ವೀಸಾ ಮಾಡಿಸಿಕೊಳ್ಳಲು ಬಂದವಳಂತೆ.

ಮೌನಕ್ಕೆ ಮೌನ. ಲೆಕ್ಕ ಅಲ್ಲಿಗೆ ಚುಕ್ತಾ ಎಂದು ನೀನು ಅಂದುಕೊಳ್ಳಬಹುದು. ಇನ್ನೂ ಆಗಿಲ್ಲ.

ಮುಂದಿನ ಸಭೆ ನವೆಂಬರಿನಲ್ಲಿ, ನಿನ್ನ ಪರ್ತಿನಲ್ಲಿ. ನಾನು ಅದೇ ನಿರ್ಣಯವನ್ನು ಮತ್ತೆ ತರುತ್ತಿದ್ದೇನೆ. ಈ ಸಲ "ಒಬ್ಬ ಆಪರೇಟರ್" ಎನ್ನುವುದಿಲ್ಲ, ಹೆಸರನ್ನೂ ಹೇಳುತ್ತೇನೆ. ಅನುಮೋದಕರು ಯಾರು ಎಂದು ನಿನಗೆ ಕುತೂಹಲವಿರಬೇಕು. ನೀನು ರಜೆಯ ಮೇಲೆ ಬಾಲಿಗೆ ಹೋಗಿದ್ದ ವಾರ ನಿನ್ನ ಶಾಖೆಯ ಸಮಿತಿ ಸೇರಿತ್ತು, ನೆನಪಿದೆಯೇ? ಉಮಾಪತಿ ನಿಮ್ಮ ಕಂಟ್ರೋಲ್ ರೂಮಿನವನು, ಮೈಸೂರಿನ ಹುಡುಗ, ಸಮಿತಿಗೆ ಹೊಸಬ. ಅವನನ್ನು ನೀನು ಸಭೆಗಳಲ್ಲಿ "ಹಲೋ ಹಲೋ" ಎಂದು ಕರೆಯುತ್ತೀಯಂತೆ. ತಮಾಷೆ ಎಂದುಕೊಂಡಿದ್ದೀಯ. ನಾನು ಅವನಿಗೆ ಫೋನ್ ಮಾಡಿ ನಿರ್ಣಯವನ್ನು ಓದಿ ಹೇಳಿದೆ.

"ಇದನ್ನ ಕೇಳ್ಬೇಕಾ ಲೂರ್ಡ್ಸಕ್ಕ?" ಎಂದ. "ನಾನೇ ಸಮಿತೀಲಿ ಮೂವ್ ಮಾಡ್ತೀನಿ. ಆದ್ರೆ ಜೆರ್ರಿ ಅಂಕಲ್ ಒಪ್ತಾರಾ?"

"ಅವನು ಒಪ್ಪೋದು ಬೇಡಪ್ಪ. ಶಾಖೆ ಒಪ್ಪಿದ್ರೆ ಸಾಕು."

ಅವನು ನಕ್ಕ. "ಅಕ್ಕ, ನೀವು ಡೇಂಜರಸ್ ಕಣ್ರೀ."

ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ: ದಕ್ಷಿಣದ ಶಾಖೆಯ ಈ ನಿರ್ಣಯವನ್ನು ಪಶ್ಚಿಮದ ಶಾಖೆ ತನ್ನ ಕಾರ್ಯದರ್ಶಿಯ ಮೂಲಕ ಅನುಮೋದಿಸತಕ್ಕದ್ದು. ಪಶ್ಚಿಮದ ಕಾರ್ಯದರ್ಶಿ ಎಂದರೆ ನೀನು. ಕಾರ್ಯದರ್ಶಿಯ ಮೂಲಕ ಎಂಬ ಮಾತನ್ನು ಸೇರಿಸಲು ಹೇಳಿದವಳು ನಾನು. ಕಾಯಿಲೆ ಎಂದು ಮನೆಯಲ್ಲಿ ಕುಳಿತರೆ ಉಮಾಪತಿ ನಿನ್ನ ಬದಲು ನಿಲ್ಲುತ್ತಾನೆ, ಮುಂದಿನ ವರ್ಷ ನಿನ್ನ ಕುರ್ಚಿಗೂ ಅವನೇ ನಿಲ್ಲುತ್ತಾನೆ. ಬಂದು ಬಾಯಿ ಬಿಡದಿದ್ದರೆ ಶಾಖೆಯನ್ನು ಮೀರಿದವನು ಎಂದು ನಿನ್ನ ಮೇಲೆಯೇ ದೂರು. ಹಾಗಾಗಿ ನೀನು ಬರುತ್ತೀಯ. ನಾನು ಕಥೆ ಮುಗಿಸಿ ಕೂರುತ್ತೇನೆ. ಆರ್ಥರ್ ಒಂದೇ ಸಲ ಕೇಳಿದರೆ ಸಾಕು. ನಿನ್ನ ಊರಿನ ಸಭಾಂಗಣದಲ್ಲಿ, ನಿನ್ನವರೆಲ್ಲರ ಮುಂದೆ, ನೀನು ಎದ್ದು ನಿಂತು ನಿನ್ನ ಬಾಯಿಂದಲೇ ಆ ಮಾತು ಹೇಳುತ್ತೀಯ. ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತೇನೆ. ನನ್ನ ಕಿವಿ ಚೆನ್ನಾಗಿಯೇ ಇದೆ.

ಬೇರೆ ಸುದ್ದಿ ಹೆಚ್ಚಿಲ್ಲ. ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಬೇಲಿಯ ಬುಡದಲ್ಲಿ ಹಳದಿ ಹೂವಿನ ಕಳೆ ಎದ್ದಿದೆ, ಎಷ್ಟು ಕಿತ್ತರೂ ಮತ್ತೆ ಬರುತ್ತದೆ. ಪಕ್ಕದ ಟೈರ್ ಅಂಗಡಿಯವರು ಭಾನುವಾರವೂ ಬಡಿಯಲು ಶುರುಮಾಡಿದ್ದಾರೆ. ನಾನು ಈಗ ಹೊಸಬರಿಗೆ ತರಬೇತಿ ಕೊಡುವುದಷ್ಟೇ, ಪಾಳಿ ಇಲ್ಲ, ಸಂಜೆ ಮನೆಗೆ ಬಂದು ಓದಿಕೊಳ್ಳುತ್ತೇನೆ. ಅಲಿಷಾಳ ಪರೀಕ್ಷೆ ಹತ್ತಿರ ಬಂತಂತೆ. ನಾನು ಕನ್ನಡದಲ್ಲಿ ಏನು ಕೇಳಿದರೂ "ಯೆಸ್ ಆಂಟಿ, ಆಲ್ ಗುಡ್ ಆಂಟಿ" ಎನ್ನುತ್ತಾಳೆ. ಆದರೆ ಮೊನ್ನೆ ತಾನಾಗಿಯೇ "ಆಂಟಿ, ಊಟ ಆಯ್ತಾ?" ಎಂದಳು. ಅವಳ ಮೇಲೆ ನನಗೆ ಯಾವ ಕೋಪವೂ ಇಲ್ಲ, ಇದನ್ನು ಅವಳಿಗೆ ಹೇಳಬೇಡ, ಕೋಪದ ವಿಷಯವೇ ಗೊತ್ತಾಗುವುದು ಬೇಡ.

ಕ್ಯಾರೋಲ್ ಫೋನಿಡುವ ಮುಂಚೆ ಹೇಳಿದಳು: "ನೀವಿಬ್ರು ಮೀಟಿಂಗಲ್ಲಿ ಎಂತ ಬೇಕಾದ್ರೂ ಮಾಡ್ಕೊಳ್ಳಿ. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಮಾಡ್ಲಿಕ್ಕೆ ನೀವು ಬರ್ಲೇಬೇಕು. ನಂಗೊಬ್ಳಿಗೆ ಅಷ್ಟು ನೆವ್ರಿಗೆ ಹೂರಣ ತುಂಬಿ ಮುಚ್ಚಲಿಕ್ಕೆ ಆಗೂದಿಲ್ಲ." ಬರುತ್ತೇನೆ ಎಂದಿದ್ದೇನೆ. ನೆವ್ರಿಯನ್ನೂ ಮುಚ್ಚುತ್ತೇನೆ. ನಿನ್ನ ತಟ್ಟೆಗೆ ಬಡಿಸುತ್ತೇನೆ ಕೂಡ. ಅಮ್ಮ ಸಾಯುವಾಗ ನಿಮ್ಮಿಬ್ಬರ ಮಾತು ನಿಲ್ಲಬಾರದು ಎಂದಿದ್ದಳು, ನಿಲ್ಲಿಸುವುದಿಲ್ಲ.

ದೇವರು ನಿನಗೆ ಒಳ್ಳೆಯ ಆರೋಗ್ಯ, ದೀರ್ಘ ಆಯುಸ್ಸು ಕೊಡಲಿ. ಇದನ್ನು ಮನಸಾರೆ ಬರೆಯುತ್ತಿದ್ದೇನೆ. ನವೆಂಬರ್ ಆದಮೇಲೆ ನೀನು ಬಹಳ ವರ್ಷ ಬದುಕಬೇಕು.

ನಿನ್ನ ಅಕ್ಕ,
ಲೂರ್ಡ್ಸ್

ತಾ.ಕ.: ಮೌನಕ್ಕೆ ಮೌನ ಎಂದು ಮೇಲೆ ಬರೆದಿದ್ದೇನೆ. ಅಷ್ಟೇ ಆಗಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆ. ಬ್ರಿಸ್ಬೇನಿಗೆ ಬಂದದ್ದು ನಿನ್ನನ್ನು ಅನುಮೋದಿಸಲೆಂದೇ. ಅಡಿಲೇಡಿನಲ್ಲಿ ನೀನು ಮಾಡಿದ್ದನ್ನು ರಾಜಕೀಯ ಎಂದು ಯಾವತ್ತೋ ನುಂಗಿದ್ದೆ.

ಸಭೆಯ ಹಿಂದಿನ ಸಂಜೆ ಎಲ್ಲರೂ ಬ್ರಿಸ್ಬೇನಿನ ಸನ್ನಿಬ್ಯಾಂಕ್ ಬಡಾವಣೆಯಲ್ಲಿ ಊಟಕ್ಕೆ ಸೇರಿದ್ದೆವಲ್ಲ, ನೀನು ಮೇಜಿನಿಂದ ಮೇಜಿಗೆ ಹೋಗಿ ಕೈ ಕುಲುಕುತ್ತಿದ್ದಾಗ ಕಾಲಿನ್ ನನ್ನ ಪಕ್ಕ ಬಂದು ಕುಳಿತ. ನಿನ್ನನ್ನು ಹೊಗಳಲು ಬಂದಿದ್ದ. "ಒಳ್ಳೆ ತಮ್ಮ ನಿನಗೆ, ಲೂ," ಎಂದ. "ಅಡಿಲೇಡಿನಲ್ಲಿ ಸಭೆಗೆ ಮುಂಚೆ ನಮ್ಮ ಒಬ್ಬೊಬ್ಬರ ಹತ್ತಿರವೂ ಬಂದು ಹೇಳಿದ. ಅಕ್ಕ ಹೇಳಲಿರುವ ಕಥೆಯ ಆಪರೇಟರ್ ಅವಳೇ, ಆ ಕರೆಯಾದ ಮೇಲೆ ಅವಳ ತಲೆ ಸರಿಯಿಲ್ಲ, ಚರ್ಚೆಗೆ ಬಂದರೆ ಎಲ್ಲರ ಮುಂದೆ ಅತ್ತುಬಿಡ್ತಾಳೆ, ದಯವಿಟ್ಟು ಯಾರೂ ಅನುಮೋದಿಸಬೇಡಿ, ನಾನೂ ಮಾಡೋದಿಲ್ಲ ಅಂದ. ನಿನ್ನನ್ನ ಎಷ್ಟು ಕಾಪಾಡಿದ ಗೊತ್ತಾ?"

ಅದು ನಾನೇ ಎಂದು ನಿನಗೊಬ್ಬನಿಗೆ ಹೇಳಿದ್ದೆ. ಗಂಡನಿಗೂ ಹೇಳಿರಲಿಲ್ಲ, ಅವರು ತೀರಿಕೊಳ್ಳುವವರೆಗೂ.

ಮೂರು ವರ್ಷದಿಂದ ಪ್ರತಿ ಸಭೆಯಲ್ಲೂ ನನಗೆ ಯಾರಾದರೂ ಕುರ್ಚಿ ಎಳೆದು ಕೊಡುತ್ತಿದ್ದರು. ಟೀ ತಂದುಕೊಡುತ್ತಿದ್ದರು. ನಾನು ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕುತ್ತಿರಲಿಲ್ಲ, ನನ್ನ ಸಣ್ಣ ತಮಾಷೆಗೂ ಎಲ್ಲರೂ ನಗುತ್ತಿದ್ದರು. ಫೋನ್ ಎತ್ತುವವಳ ಮಾತಿಗೂ ಈಗ ಬೆಲೆ ಬಂತು ಎಂದುಕೊಂಡಿದ್ದೆ, ಜೆರ್ರಿ.